ಕೇಳುವುದು ಮತ್ತು ಕೇಳಿಸುವುದು

ಹೆಸರಿನಲ್ಲಿಯೇ ಬಾವಿಯೊಂದನ್ನು ಇಟ್ಟುಕೊಂಡ ಊರು ಕೆಂಭಾವಿ. ಬಾವಿಯೆಂದರೆ ಬರಿಯ ನೀರಲ್ಲ. ಹಗ್ಗ ಎಳೆಯುತ್ತ, ಕೊಡ ತುಂಬುತ್ತ, ತಮ್ಮ ಸರದಿಗಾಗಿ ಕಾಯುತ್ತ ನಿಂತ ಹತ್ತು ಜನರ ಮಾತು. ಮದುವೆ ಗೊತ್ತಾದ ಮನೆ, ಜ್ವರ ಬಂದ ಮಗು, ತಪ್ಪಿಸಿಕೊಂಡ ಎಮ್ಮೆ, ಈ ಎಲ್ಲ ಸುದ್ದಿಯೂ ನೀರಿನೊಡನೆಯೇ ಮೇಲಕ್ಕೆ ಬರುತ್ತಿದ್ದಿತು. ನಲ್ಲಿಯಲ್ಲಿ ನೀರು ಬರತೊಡಗಿದ ಮೇಲೆ ನಾಡಿನ ಊರೂರುಗಳಲ್ಲಿಯೂ ಬಾವಿಕಟ್ಟೆಯ ಈ ಇನ್ನೊಂದು ಕೆಲಸವನ್ನು ಬಸ್ ನಿಲ್ದಾಣ ವಹಿಸಿಕೊಂಡಿತು. ಸುರಪುರ ತಾಲ್ಲೂಕಿನ ಈ ಊರಿನಲ್ಲಿಯೂ ಹಾಗೆಯೇ. ಶಹಾಪುರ, ಸುರಪುರ, ಹುಣಸಗಿ, ತಾಳಿಕೋಟೆಗಳ ಕಡೆಗೆ ಹೋಗುವವರೂ ಅಲ್ಲಿಂದ ಬರುವವರೂ ಒಂದಲ್ಲ ಒಂದು ಗಳಿಗೆಯಲ್ಲಿ ಅಲ್ಲಿ ಕೂಡಲೇಬೇಕು.

ಬೇಸಗೆಯ ಯಾವ ಮಧ್ಯಾಹ್ನ ಹೋದರೂ ಇಂತಹ ನಿಲ್ದಾಣದಲ್ಲಿ ಕಾಣುವ ನೋಟ ಒಂದೇ. ಸಾಲಾಗಿ ಕುಳಿತ ಇಪ್ಪತ್ತು ಮಂದಿ. ಬಾಗಿದ ಇಪ್ಪತ್ತು ಕತ್ತುಗಳು. ಒಂದು ಕೈಯಿಂದ ಸಿನಿಮಾ ಹಾಡು ಹೊರಡುತ್ತದೆ. ಮತ್ತೊಂದರಿಂದ ಸ್ವಾಮಿಗಳ ಪ್ರವಚನ. ಮೂರನೆಯದರಿಂದ ಕ್ರಿಕೆಟ್ ಆಟದ ಕೂಗು. ನಾಲ್ಕನೆಯದರಿಂದ ಅರ್ಧ ನಿಮಿಷಕ್ಕೊಮ್ಮೆ ಒಂದೇ ನಗೆಯನ್ನು ಮತ್ತೆ ಮತ್ತೆ ನಗುವ ಯಾವುದೋ ಹಾಸ್ಯದ ತುಣುಕು. ಒಬ್ಬರದನ್ನು ಒಬ್ಬರು ಕೇಳುವುದಿಲ್ಲ. ಆದರೆ ಎಲ್ಲರದೂ ಎಲ್ಲರಿಗೂ ಕೇಳಿಸುತ್ತದೆ.

ಈ ಸಾಲಿನ ತುದಿಗೆ ಬಟ್ಟೆಯ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಮುದುಕಿ ಕುಳಿತಿರುತ್ತಾಳೆ. ಎದುರಿಗೆ ಬಸ್ಸು ಬಂದು ನಿಲ್ಲುತ್ತದೆ. ಅದರ ಹಣೆಯ ಮೇಲೆ ಹಲಗೆಯೂ ಇದೆ. ಆದರೆ ಅಕ್ಷರ ಅವಳ ಪಾಲಿಗೆ ಬಂದಿಲ್ಲ. ಪಕ್ಕದ ಯುವಕನತ್ತ ತಿರುಗಿ, “ತಮ್ಮಾ, ಶಾಪೂರ ಬಸ್ಸು ಹೋಯ್ತೇನಪ್ಪಾ?” ಎನ್ನುತ್ತಾಳೆ. ಅವನು ಮಾತಾಡುವುದಿಲ್ಲ. ಮತ್ತೊಮ್ಮೆ ಕೇಳುತ್ತಾಳೆ. ಅವನ ಹೆಬ್ಬೆರಳು ಗಾಜಿನ ಮೇಲೆ ಸರಿಯುತ್ತಲೇ ಇರುತ್ತದೆ. “ಓದಿದ ಹುಡುಗರಿಗೆ ಎಷ್ಟು ಸೊಕ್ಕು!” ಎಂದು ಮುದುಕಿ ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಾಳೆ. ಪಾಪ, ಅವನಿಗೆ ಸೊಕ್ಕಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇದೆ.

ಕನ್ನಡದಲ್ಲಿ ‘ಕೇಳು’ ಎಂಬುದು ವಿಚಿತ್ರವಾದ ಕ್ರಿಯಾಪದ. ಹಾಡನ್ನು ಕೇಳುವುದೂ ಕೇಳುವುದೇ. ದಾರಿಯನ್ನು ಕೇಳುವುದೂ ಕೇಳುವುದೇ. ಕಿವಿಯ ಕೆಲಸಕ್ಕೂ ಬಾಯಿಯ ಕೆಲಸಕ್ಕೂ ಪೂರ್ವಿಕರು ಒಂದೇ ಮಾತನ್ನು ಸಾಕೆಂದುಕೊಂಡರು. ಪ್ರಶ್ನೆ ಹಾಕುವವನು ಉತ್ತರಕ್ಕೆ ಕಿವಿಗೊಡಲೇಬೇಕಷ್ಟೆ! ಅಂಗೈಯಗಲದ ಹೊಸ ಯಂತ್ರವು ಈ ಜೋಡಿಯನ್ನು ಬೇರ್ಪಡಿಸಿದೆಯೇ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

* * *

ಈ ಸೀಮೆಗೆ ಯಂತ್ರಗಳು ಬಂದದ್ದು ಇದೇ ಮೊದಲಲ್ಲ. ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ 1966ರಲ್ಲಿ ಆರಂಭವಾಯಿತು. ಮನೆಗೊಂದು ರೇಡಿಯೋ ಇಲ್ಲದ ಆ ದಿನಗಳಲ್ಲಿ ಪಂಚಾಯತಿಯ ಪೆಟ್ಟಿಗೆಯೋ ಹೋಟೆಲಿನ ಪೆಟ್ಟಿಗೆಯೋ ಊರಿಗೆಲ್ಲ ಒಂದು ಕಿವಿಯಾಗಿದ್ದಿತು. ಯಾವ ಕಾರ್ಯಕ್ರಮ ಹಚ್ಚಬೇಕೆಂಬುದಕ್ಕೆ ಜಗಳವೂ ಆಗುತ್ತಿದ್ದಿರಬೇಕು. ಆದರೆ ಜಗಳವಾಡಲಿಕ್ಕಾದರೂ ಒಬ್ಬರ ಮುಖವನ್ನೊಬ್ಬರು ನೋಡಬೇಕಾಗಿದ್ದಿತು.

ಅದಕ್ಕಿಂತ ಆಶ್ಚರ್ಯಕರವಾದುದು ಮುಂದಿನ ದಶಕದಲ್ಲಿ ಬಂದಿತು. 1975ರ ಆಗಸ್ಟ್ 1ರಂದು ಭಾರತದಲ್ಲಿ ‘ಸೈಟ್’ ಎಂಬ ಪ್ರಯೋಗವೊಂದು ಮೊದಲಾಯಿತು: ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ನೀಡುವ ದೂರದರ್ಶನ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಇಸ್ರೋ ಹಾಗೂ ಆಕಾಶವಾಣಿಯವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಇದನ್ನು ನಡೆಯಿಸಿದರು. ಕರ್ನಾಟಕದಲ್ಲಿ ಆರಿಸಲ್ಪಟ್ಟ ಜಿಲ್ಲೆಗಳು ಯಾವುವು? ವಿಜಾಪುರ, ರಾಯಚೂರು ಮತ್ತು ಗುಲ್ಬರ್ಗಾ. ಸುರಪುರ, ಶಹಾಪುರ, ಯಾದಗಿರಿಗಳೆಲ್ಲ ಆಗ ಗುಲ್ಬರ್ಗಾ ಜಿಲ್ಲೆಯವೇ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ಅಂದರೆ ‘ಹಿಂದುಳಿದ ಪ್ರದೇಶ’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಈ ಭಾಗದ ಹಳ್ಳಿಗರು, ರಾಜಧಾನಿಯ ನಾಗರಿಕರಿಗಿಂತ ಆರು ವರ್ಷ ಮೊದಲೇ ತಮ್ಮೂರಿನಲ್ಲಿ ಕುಳಿತು ದೂರದರ್ಶನ ನೋಡಿದ್ದರು!

ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತಡಿ ಅಗಲದ ಕೊಡೆ ಆಕಾಶದತ್ತ ಮುಖ ಮಾಡಿ ನಿಂತಿರುತ್ತಿದ್ದಿತು. ಅದರ ಕೆಳಗೆ, ಶಾಲೆಯೋ ಪಂಚಾಯತಿಯೋ ಇದ್ದಲ್ಲಿ ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ; ಒಕ್ಕಲುತನ, ಆರೋಗ್ಯ, ಒಂದಿಷ್ಟು ಮನರಂಜನೆ. ಪರದೆ ಒಂದೇ, ಕಣ್ಣುಗಳು ನೂರಾರು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ಈ ನಾಡಿನ ಮೇಲಿಂದ ಹೊರಟುಹೋಯಿತು. ಮರುವರ್ಷ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಿತಾದರೂ, ಪೆಟ್ಟಿಗೆ ಮೆಲ್ಲಮೆಲ್ಲನೆ ಪಂಚಾಯತಿಯಿಂದ ಮನೆಯ ನಡುಮನೆಗೆ ಸರಿಯಿತು.

ಹೀಗೆ ಹೇಳಿದೊಡನೆ, “ಅಯ್ಯೋ, ಹಿಂದಿನ ಕಾಲ ಎಷ್ಟು ಚೆನ್ನ! ಎಲ್ಲರೂ ಒಂದಾಗಿ ಕುಳಿತು ನೋಡುತ್ತಿದ್ದರು” ಎಂದು ನಿಟ್ಟುಸಿರು ಬಿಡುವವರಿದ್ದಾರೆ. ನಿಟ್ಟುಸಿರಿಗೆ ಮುಂಚೆ ಒಂದು ಪ್ರಶ್ನೆ: ‘ಎಲ್ಲರೂ’ ಎಂದರೆ ಯಾರು? ಊರ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕುಳಿತ ಕಾಲ ಯಾವುದು? ಕೇರಿಯವರು ಮುಂದಿನ ಸಾಲಿನಲ್ಲಿ ಕುಳಿತ ದಿನ ಯಾವುದು? ಸಾರ್ವಜನಿಕ ಸ್ಥಳಗಳೆಂದು ಹೆಸರು ಪಡೆದವುಗಳಲ್ಲಿ ಎಷ್ಟೋ ಕಡೆ ಸಾರ್ವಜನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದೂರ ನಿಂತೇ ನೋಡಬೇಕಾಗಿದ್ದಿತು. ಹಾಡು ಕೇಳಲಿಕ್ಕೆ ಮೊಬೈಲು ಯಾರ ಕುಲವನ್ನೂ ವಿಚಾರಿಸುವುದಿಲ್ಲ. ಕಟ್ಟೆಯ ಕೊನೆಯಲ್ಲಿಯೂ ಜಾಗ ಸಿಗದಿದ್ದ ಮನೆಯ ಹುಡುಗಿ ಇಂದು ಬಸ್ಸಿನ ಸೀಟಿನಲ್ಲಿ ಕುಳಿತು, ತನಗೆ ಬೇಕಾದ ಪಾಠವನ್ನೋ ಹಾಡನ್ನೋ ತಾನೇ ಆರಿಸಿಕೊಂಡು ಕೇಳುತ್ತಾಳೆ. ಈ ಲಾಭವನ್ನು ಲೆಕ್ಕಕ್ಕೆ ಹಿಡಿಯದೆ ನಷ್ಟವನ್ನಷ್ಟೇ ಎಣಿಸುವುದು ನ್ಯಾಯವಲ್ಲ.

* * *

ಒಂಟಿಯಾಗಿ ಕೇಳುವ ಯಂತ್ರವನ್ನು ಮಾಡಿದವರಿಗೇ ಮೊದಲು ಈ ಅಳುಕು ಇದ್ದಿತೆಂಬುದು ಕುತೂಹಲದ ಸಂಗತಿ. 1979ರ ಜುಲೈಯಲ್ಲಿ ಜಪಾನಿನ ಸೋನಿ ಕಂಪನಿ ‘ವಾಕ್‌ಮನ್’ ಎಂಬ ಕೈಗಡಕದ ಟೇಪುಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಡೆಯುತ್ತ, ರೈಲಿನಲ್ಲಿ ಕೂರುತ್ತ, ಒಬ್ಬನೇ ಹಾಡು ಕೇಳುವುದು ಅಂದಿಗೆ ಹೊಸದು. ಜೊತೆಯಲ್ಲಿರುವವರಿಗೆ ಇದು ಅವಮರ್ಯಾದೆಯೆಂದು ತೋರಬಹುದೆಂದು ಆ ಮೊದಲ ಮಾದರಿಗೆ ಎರಡು ಜೊತೆ ಕಿವಿತಂತಿಗಳನ್ನು ಸಿಕ್ಕಿಸುವ ಎರಡು ತೂತುಗಳನ್ನಿಟ್ಟರು. ಅಷ್ಟೇ ಅಲ್ಲ, ಕಿತ್ತಳೆ ಬಣ್ಣದ ಗುಂಡಿಯೊಂದಿದ್ದಿತು. ಅದನ್ನು ಒತ್ತಿದರೆ ಹಾಡಿನ ದನಿ ತಗ್ಗಿ, ಪಕ್ಕದವರ ಮಾತು ಕಿವಿಗೆ ಬೀಳುತ್ತಿದ್ದಿತು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಮಾಯವಾಯಿತು. ಮಾತಿಗೆಂದು ಇಟ್ಟ ಬಾಗಿಲನ್ನು ಉಪಯೋಗಿಸಿದವರು ಹೆಚ್ಚಿರಲಿಲ್ಲವೆಂದು ಕಾಣುತ್ತದೆ.

ಅಪರಿಚಿತರ ನಡುವೆ ಹೇಗೆ ವರ್ತಿಸಬೇಕೆಂಬುದಕ್ಕೆ ಬರೆಯದ ನಿಯಮಗಳು ಎಲ್ಲ ದೇಶಗಳಲ್ಲಿಯೂ ಇವೆ. ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞನು 1963ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿನ ನಡವಳಿಕೆಯನ್ನು ಕುರಿತೇ ಒಂದು ಗ್ರಂಥ ಬರೆದನು. ಎದುರಿಗೆ ಬಂದ ಅಪರಿಚಿತನನ್ನು ಒಮ್ಮೆ ನೋಡಿ, ‘ನೀನು ಇರುವುದನ್ನು ಬಲ್ಲೆ’ ಎಂಬುದನ್ನು ಕಣ್ಣಿನಲ್ಲಿಯೇ ತಿಳಿಸಿ, ಬಳಿಕ ಅವನ ಪಾಡಿಗೆ ಅವನನ್ನು ಬಿಟ್ಟುಬಿಡುವುದು ಪಶ್ಚಿಮದ ನಗರಗಳ ಮರ್ಯಾದೆ. ಅದನ್ನು ಅವನು ಒಂದು ಬಗೆಯ ಸಭ್ಯವಾದ ಅಲಕ್ಷ್ಯವೆಂದು ಕರೆದನು. ಸಗರನಾಡಿನ ಮರ್ಯಾದೆ ಬೇರೆ. ಇಲ್ಲಿ ಕಣ್ಣಿನ ನೋಟ ಸಾಲದು. ಪಕ್ಕದಲ್ಲಿ ಕುಳಿತ ಎರಡೇ ನಿಮಿಷಕ್ಕೆ “ಯಾವೂರಾಯ್ತ್ರೀ ನಿಮ್ದು?” ಎಂಬ ಪ್ರಶ್ನೆ ಬರಬೇಕು. ಊರು ಗೊತ್ತಾದ ಮೇಲೆ ಅಲ್ಲಿ ಯಾರ ಪೈಕಿ, ಮಳೆ ಹೇಗೆ, ಹತ್ತಿಯ ಧಾರಣೆ ಎಷ್ಟು, ಕಾಲುವೆಗೆ ನೀರು ಬಿಟ್ಟರೇ ಎಂದು ಮಾತು ಸಾಗಬೇಕು. ಬಸ್ಸು ಬರುವ ವೇಳೆಗೆ ಹುಡುಕಿದರೆ ಒಂದು ನೆಂಟಸ್ತಿಕೆಯೂ ಸಿಕ್ಕೀತು. ಅಲಕ್ಷ್ಯವೇ ಅಲ್ಲಿಯ ಸಭ್ಯತೆಯಾದರೆ, ಕೇಳುವುದೇ ಇಲ್ಲಿಯ ಸಭ್ಯತೆ.

ದೂರವಾಣಿ ಇದನ್ನು ಒಮ್ಮೆಗೇ ಬದಲಾಯಿಸಲಿಲ್ಲ. ಹಳದಿ ಹಲಗೆಯ ಎಸ್.ಟಿ.ಡಿ. ಅಂಗಡಿಗಳ ಕಾಲದಲ್ಲಿ ಗಾಜಿನ ಗೂಡಿನೊಳಗೆ ಒಬ್ಬ ಮಾತಾಡಿದರೆ ಹೊರಗೆ ನಿಂತವರಿಗೆಲ್ಲ ವಿಷಯ ತಿಳಿಯುತ್ತಿದ್ದಿತು. ಕರೆ ದುಬಾರಿಯಾಗಿದ್ದುದರಿಂದ ಮಾತು ಚಿಕ್ಕದಾಗಿದ್ದಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸಚಿವ ಸುಖರಾಮ್ ಅವರೊಡನೆ ಮಾತಾಡಿದುದು ಭಾರತದ ಮೊದಲ ಮೊಬೈಲ್ ಕರೆ. ಅಂದು ಬಂದ ಕರೆಗೂ ಹಣ ತೆರಬೇಕಾಗಿದ್ದಿತು. 2003ರಲ್ಲಿ ಒಳಬರುವ ಕರೆ ಬಿಟ್ಟಿಯಾಯಿತು; 2016ರ ಬಳಿಕ ಅಂತರಜಾಲವೂ ಅಗ್ಗವಾಯಿತು. ಮಾತಿಗೆ ಬೆಲೆಯಿದ್ದಷ್ಟು ದಿನ ಮಾತಿಗೆ ಮಿತಿಯಿದ್ದಿತು. ಬೆಲೆ ಹೋದೊಡನೆ ಮಿತಿಯೂ ಹೋಯಿತು. ಚಿತ್ರ, ಹಾಡು, ನಗೆ, ಜಗಳ, ಎಲ್ಲವೂ ನಿಲ್ದಾಣಕ್ಕೆ ಬಂದವು.

ಹಣದ ಗುಟ್ಟೂ ಹೋಯಿತೆಂಬುದು ಈ ಕಥೆಯ ಒಂದು ವಿನೋದ. ಸೊಂಟದ ಚೀಲದಿಂದ ನೋಟು ತೆಗೆಯುವಾಗ ಮುಖ ತಿರುಗಿಸಿ ನಿಲ್ಲುವುದು ಹಳೆಯ ಪದ್ಧತಿ. 2016ರಲ್ಲಿ ಯು.ಪಿ.ಐ. ಪಾವತಿ ಬಂದ ಮೇಲೆ ಚಹದಂಗಡಿಯಲ್ಲಿಯೂ ಪುಟ್ಟ ಪೆಟ್ಟಿಗೆಯೊಂದು ಕುಳಿತಿದೆ. ಚಹ ಕುಡಿದವನು ಚಿತ್ರಕ್ಕೆ ಮೊಬೈಲು ಹಿಡಿದನೆಂದರೆ, ಬಂದ ಮೊಬಲಗನ್ನು ಅದು ಶುದ್ಧ ಕನ್ನಡದಲ್ಲಿ ಊರಿಗೆ ಕೇಳುವಂತೆ ಸಾರುತ್ತದೆ. ಇದರಲ್ಲಿ ಅಂಗಡಿಯವನದು ತಪ್ಪಿಲ್ಲ. ಕೈಯಲ್ಲಿ ಬೋಗುಣಿ ಹಿಡಿದವನು ಪ್ರತಿ ಗಿರಾಕಿಗೂ ಮೊಬೈಲು ತೆಗೆದು ನೋಡಲಾರ; ಕಳಿಸಿದೆನೆಂದು ಸುಳ್ಳು ಚಿತ್ರ ತೋರಿಸಿ ನಡೆಯುವವರೂ ಇದ್ದಾರೆ. ಪೆಟ್ಟಿಗೆ ಅವನಿಗೆ ಸಾಕ್ಷಿ. ಸಾಕ್ಷಿ ಗಟ್ಟಿಯಾಗಿ ಮಾತಾಡಲೇಬೇಕು!

* * *

ಆದರೆ ಎಲ್ಲ ಗದ್ದಲವೂ ವಿನೋದವಲ್ಲ. ಸಂಜೆಯ ಬಸ್ಸಿನಲ್ಲಿ ಆಸ್ಪತ್ರೆಯಿಂದ ಹಿಂದಿರುಗುವ ರೋಗಿ ಇರುತ್ತಾನೆ. ನಾಳಿನ ಪರೀಕ್ಷೆಗೆ ಓದುವ ಹುಡುಗಿ ಇರುತ್ತಾಳೆ. ಅವರ ತಲೆಯ ಮೇಲೆ ನಾಲ್ಕು ಹಾಡುಗಳು ಒಟ್ಟಿಗೆ ಬಿದ್ದರೆ ಅದು ಹಿಂಸೆಯೇ. ಈ ದೂರು ನ್ಯಾಯಾಲಯದವರೆಗೂ ಹೋಯಿತು. 2021ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿರ್ದೇಶನದಂತೆ, ಸರಕಾರಿ ಬಸ್ಸುಗಳಲ್ಲಿ ಮೊಬೈಲಿನ ಹಾಡು, ವಿಡಿಯೋಗಳನ್ನು ಗಟ್ಟಿಯಾಗಿ ಹಾಕಕೂಡದೆಂಬ ನಿಯಮ ಬಂದಿತು. ನಿರ್ವಾಹಕನು ಮೊದಲು ವಿನಯದಿಂದ ಹೇಳಬೇಕು. ಕೇಳದಿದ್ದರೆ ಪ್ರಯಾಣಿಕನನ್ನು ಇಳಿಸಬಹುದು. ಅವನು ಇಳಿಯುವವರೆಗೆ ಬಸ್ಸನ್ನೇ ನಿಲ್ಲಿಸಬಹುದು. ಮರುವರ್ಷ ಜನವರಿಯಲ್ಲಿ ರೈಲ್ವೆಯವರೂ ರಾತ್ರಿ 10 ಗಂಟೆಯ ಬಳಿಕ ಗಟ್ಟಿಯಾದ ಮಾತು, ಹಾಡುಗಳಿಗೆ ತಡೆ ಹಾಕಿದರು. ಜಪಾನಿನ ರೈಲುಗಳಲ್ಲಿಯಂತೂ ಮೊಬೈಲಿನ ಗಂಟೆಯನ್ನು ಮುಚ್ಚಿಡಿರಿ, ಮಾತಾಡಬೇಡಿರಿ ಎಂಬ ಕೋರಿಕೆ ಬಹುಕಾಲದಿಂದ ಕೇಳಿಬರುತ್ತಿದೆ.

ಪರರ ಫೋನ್ ಮಾತು ಏಕೆ ಇಷ್ಟು ಕಾಡುತ್ತದೆಂಬುದನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಬ್ಬರ ಸಂಭಾಷಣೆ ಪೂರ್ತಿ ಕಿವಿಗೆ ಬಿದ್ದರೆ ಆಗುವುದಕ್ಕಿಂತ, ಒಬ್ಬನ ಅರ್ಧ ಮಾತು ಮಾತ್ರ ಬಿದ್ದಾಗ ಗಮನ ಹೆಚ್ಚು ಕೆಡುತ್ತದೆ. ಕೇಳಿಸದ ಅರ್ಧವನ್ನು ಊಹಿಸಿ ತುಂಬಲು ಮನಸ್ಸು ತಾನಾಗಿಯೇ ಹೆಣಗುವುದೇ ಅದಕ್ಕೆ ಕಾರಣ. ಈ ಲೆಕ್ಕದಲ್ಲಿ ಎರಡು ಕಡೆಯ ಮಾತನ್ನೂ ಸ್ಪೀಕರಿನಲ್ಲಿ ಹಾಕಿ ಜಗಳವಾಡುವ ಕೆಂಭಾವಿಯ ಪ್ರಯಾಣಿಕನು ಸಹಪ್ರಯಾಣಿಕರಿಗೆ ಉಪಕಾರವನ್ನೇ ಮಾಡುತ್ತಿದ್ದಾನೆಂದು ಹೇಳಬಹುದೇನೋ!

ನಗೆ ಹಾಗಿರಲಿ. ಸ್ಪೀಕರಿನ ಮಾತು ಎಲ್ಲಿಂದ ಬಂದಿತೆಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52. ಇಡೀ ಕರ್ನಾಟಕದಲ್ಲಿ ಎಲ್ಲಕ್ಕಿಂತ ಕೆಳಗೆ. ಹೆಣ್ಣುಮಕ್ಕಳಲ್ಲಿ ಅದಕ್ಕಿಂತಲೂ ಕಡಿಮೆ. ಓದು ಬಲ್ಲವನು ತನ್ನ ದುಃಖವನ್ನೂ ಸರಸವನ್ನೂ ಹೆಬ್ಬೆರಳಿನಿಂದ ಮೌನವಾಗಿ ಬರೆದು ಕಳಿಸುತ್ತಾನೆ. ಪಕ್ಕದವನಿಗೆ ಸುಳಿವೂ ಹತ್ತುವುದಿಲ್ಲ. ಓದು ಬಾರದವಳಿಗೆ ಮೊಬೈಲೆಂದರೆ ದನಿ ಮತ್ತು ಮುಖ, ಇವೆರಡೇ. ಅವಳು ಬರೆಯಲಾರಳು, ಆಡಬೇಕು. ಓದಲಾರಳು, ಕೇಳಬೇಕು. ಮೌನದ ಮೊಬೈಲು ಅಕ್ಷರಸ್ಥರ ಮೊಬೈಲು. ನಿಲ್ದಾಣದ ಗದ್ದಲವನ್ನೆಲ್ಲ ‘ಹಳ್ಳಿಗರ ಅನಾಗರಿಕತೆ’ ಎಂದು ಮೂಗು ಮುರಿಯುವವರು ಈ ಒಂದು ಮಾತನ್ನು ಮರೆಯುತ್ತಾರೆ.

ಗಂಟನ್ನು ಮಡಿಲಲ್ಲಿಟ್ಟುಕೊಂಡ ಆ ಮುದುಕಿಯಂತಹವರ ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಿರುತ್ತಾರೆ. ಮುಂಬಯಿಯಲ್ಲಿ, ಪುಣೆಯಲ್ಲಿ, ಗೋವೆಯಲ್ಲಿ ದುಡಿಯುತ್ತಿರುತ್ತಾರೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದರೂ ಹೊಲವಿಲ್ಲದವನಿಗೆ ಗುಳೆ ತಪ್ಪಲಿಲ್ಲ. ಹಿಂದೆ ಗುಳೆ ಹೋದವನ ಕಾಗದ ಬಂದರೆ ಅದನ್ನು ಓದಿ ಹೇಳಲು ಮಾಸ್ತರರನ್ನೋ ಅಂಚೆಯವನನ್ನೋ ಕಾಡಬೇಕಾಗಿದ್ದಿತು. ಮಗ ತಾಯಿಗೆ ಬರೆದ ಗುಟ್ಟು ಮೂರನೆಯವನ ಬಾಯಿಂದಲೇ ಅವಳಿಗೆ ಮುಟ್ಟುತ್ತಿದ್ದಿತು. ಸೊಸೆಯ ಕಣ್ಣೀರಿಗೆ ಕಟ್ಟೆಯೆಲ್ಲ ಸಾಕ್ಷಿಯಾಗುತ್ತಿದ್ದಿತು. ಇಂದು ಮಗನ ಮುಖವೇ ಅಂಗೈಯಲ್ಲಿ ಮೂಡುತ್ತದೆ. “ಉಂಡೇನಪ್ಪಾ?” ಎಂದು ತಾಯಿ ಕೂಗುತ್ತಾಳೆ. ದೂರದ ಊರಿಗೆ ದನಿ ಮುಟ್ಟಬೇಕಾದರೆ ಕೂಗಬೇಕೆಂದೇ ಅವಳ ನಂಬಿಕೆ. 2020ರಲ್ಲಿ ಲಾಕ್‌ಡೌನ್ ಬಿದ್ದು ಸಾವಿರಾರು ಮಂದಿ ಮಹಾರಾಷ್ಟ್ರದಿಂದ ಈ ಜಿಲ್ಲೆಗೆ ಹಿಂದಿರುಗಲು ಹೆಣಗಿದಾಗ, ಮನೆಯವರಿಗೆ ಅವರ ಸುಳಿವು ಕೊಟ್ಟದ್ದೂ ಇದೇ ಯಂತ್ರ.

ಕಿವಿ ಕೇಳದ, ಮಾತು ಬಾರದ ಇಬ್ಬರು ಗೆಳೆಯರು ಬಸ್ಸಿನ ಕಿಟಕಿಯ ಬಳಿ ಮೊಬೈಲನ್ನು ಒರಗಿಸಿಟ್ಟು ಕೈಸನ್ನೆಯಲ್ಲಿ ಊರಿನ ಮಿತ್ರನೊಡನೆ ಹರಟುವುದನ್ನು ಕಂಡವರಿಗೆ, ಈ ಯಂತ್ರವನ್ನು ಸುಮ್ಮನೆ ಶಪಿಸಲು ಮನಸ್ಸು ಬಾರದು. ಹಾಗೆಯೇ, 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ, ಒಂಟಿಯಾಗಿ ಹೊರಟ ಎಷ್ಟೋ ಹೆಣ್ಣುಮಕ್ಕಳಿಗೆ ಕೈಯಲ್ಲಿರುವ ಮೊಬೈಲು ಜೊತೆಗಾರನಂತೆ ಧೈರ್ಯ ಕೊಡುತ್ತದೆ. ಕಿವಿಗೆ ತಂತಿ ಹಾಕಿಕೊಂಡರೆ ಬೇಡದ ಮಾತಿನಿಂದಲೂ ಬಿಡುಗಡೆ. “ಯಾವೂರು, ಯಾರ ಮಗಳು, ಒಬ್ಬಳೇ ಏಕೆ ಹೊರಟೆ?” ಎಂಬ ಪ್ರಶ್ನೆ ಎಲ್ಲರ ಬಾಯಿಂದಲೂ ಒಳ್ಳೆಯ ಮನಸ್ಸಿನಿಂದಲೇ ಬರುವುದಿಲ್ಲವಷ್ಟೆ.

* * *

ಹಾಗಾದರೆ ನಿಜವಾಗಿ ಅಂಜಬೇಕಾದುದು ಯಾವುದಕ್ಕೆ? ಗದ್ದಲಕ್ಕಲ್ಲ, ಕಣ್ಣೆದುರಿಗಿರುವ ಮನುಷ್ಯನ ಕೂಗು ಕೇಳಿಸದೆ ಹೋಗುವುದಕ್ಕೆ.

2017ರ ಫೆಬ್ರವರಿಯ ಮೊದಲ ದಿನ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೊರಟಿದ್ದ ಹದಿಹರೆಯದ ಹುಡುಗನೊಬ್ಬನು ಬಸ್ಸಿನ ಕೆಳಗೆ ಸಿಕ್ಕನು. ರಕ್ತ ಸುರಿಯುತ್ತ, ನೆರವಿಗಾಗಿ ಮೊರೆಯಿಡುತ್ತ ರಸ್ತೆಯ ಮೇಲೆ ಬಿದ್ದಿದ್ದನು. ಸುತ್ತ ಜನ ನೆರೆದರು. ಹಲವರ ಕೈಗಳು ಮೇಲೆದ್ದವು. ಹುಡುಗನನ್ನು ಎತ್ತಲಿಕ್ಕಲ್ಲ, ಚಿತ್ರ ತೆಗೆಯಲಿಕ್ಕೆ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಬಹಳ ಹೊತ್ತಾಗಿದ್ದಿತು, ಹುಡುಗನು ಉಳಿಯಲಿಲ್ಲ. ಅವನ ಕೊನೆಯ ಗಳಿಗೆಗಳ ಚಿತ್ರ ಮಾತ್ರ ಉಳಿಯಿತು. ಅದನ್ನು ದೇಶವೆಲ್ಲ ನೋಡಿತು.

ಅಪಘಾತದ ಸುತ್ತ ಜನ ಸುಮ್ಮನೆ ನಿಲ್ಲುವುದು ಮೊಬೈಲಿನಿಂದ ಹುಟ್ಟಿದ ಚಾಳಿಯಲ್ಲ. ಪೋಲೀಸು, ಸಾಕ್ಷಿ, ಕಚೇರಿ ಎಂಬ ಹೆದರಿಕೆ ಮೊದಲಿನಿಂದಲೂ ಇದ್ದಿತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿಯಾಗಿ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನನ್ನು ಹೊಣೆಗಾರನನ್ನಾಗಿ ಮಾಡಕೂಡದೆಂದು ಸ್ಪಷ್ಟವಾಗಿದೆ. ಆದರೆ ಮೊಬೈಲು ಒಂದು ಹೊಸ ಭ್ರಮೆಯನ್ನು ಕೊಟ್ಟಿತು. ಹಿಂದೆ ಸುಮ್ಮನೆ ನಿಂತವನಿಗೆ ‘ಏನೂ ಮಾಡಲಿಲ್ಲ’ ಎಂಬ ಚುಚ್ಚು ಎದೆಯಲ್ಲಿ ಉಳಿಯುತ್ತಿದ್ದಿತು. ಈಗ ಚಿತ್ರ ತೆಗೆದವನಿಗೆ ಏನೋ ಮಾಡಿದೆನೆಂಬ ಸಮಾಧಾನ. ಅದೇ ಕೈ, ಅದೇ ಯಂತ್ರ, 108 ಎಂಬ ಮೂರು ಅಂಕೆಗಳನ್ನು ಒತ್ತಿದ್ದರೆ ಆಂಬುಲೆನ್ಸು ಬರುತ್ತಿದ್ದಿತು.

ಕೆಂಭಾವಿಯ ಹೆಸರು ಹಳೆಯ ಕಾವ್ಯಗಳಲ್ಲಿ ಬರುವುದು ಭೋಗಯ್ಯನೆಂಬ ಶರಣನ ಕಥೆಯಲ್ಲಿ. ಊರವರು ಹೊಲೆಯನೆಂದು ದೂರವಿರಿಸುತ್ತಿದ್ದ ಅತಿಥಿಯೊಬ್ಬನನ್ನು ಭೋಗಯ್ಯ ಮನೆಗೆ ಕರೆದು ಸತ್ಕರಿಸಿದನಂತೆ. ಅತಿಥಿ ಶಿವನೇ ಆಗಿದ್ದನಂತೆ. ಇದನ್ನು ಸಹಿಸದ ಊರು ಭೋಗಯ್ಯನನ್ನು ಹೊರಗಟ್ಟಿತು. ಅವನು ಹೊರಟನು, ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಉರುಳುತ್ತ ಅವನ ಹಿಂದೆಯೇ ಹೊರಟುಬಿಟ್ಟವು! ಗುಡಿಗಳು ಇದ್ದಲ್ಲಿಯೇ ಇದ್ದವು, ಗೋಡೆ ಬೀಳಲಿಲ್ಲ, ಬಾಗಿಲು ಮುರಿಯಲಿಲ್ಲ. ಒಳಗೆ ಮಾತ್ರ ಏನೂ ಇರಲಿಲ್ಲ. ಬೆದರಿದ ಊರು ಹೋಗಿ ಭೋಗಯ್ಯನ ಕಾಲಿಗೆ ಬೀಳಬೇಕಾಯಿತೆಂದು ಕಥೆ ಮುಗಿಯುತ್ತದೆ.

ಕಥೆಯನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಅದರ ತಿರುಳು ಇಂದಿಗೂ ಸಲ್ಲುತ್ತದೆ. ಜನ ತುಂಬಿದ ಸ್ಥಳವೆಲ್ಲ ಊರಲ್ಲ. ಪಕ್ಕದಲ್ಲಿ ಬಂದು ಕುಳಿತವನನ್ನು ‘ಯಾರಪ್ಪ ನೀನು?’ ಎಂದು ಕೇಳುವ ಮನಸ್ಸು ಹೊರಟುಹೋದರೆ, ನಿಲ್ದಾಣ ಇದ್ದಲ್ಲಿಯೇ ಇರುತ್ತದೆ, ಬೆಂಚು ತುಂಬಿರುತ್ತದೆ. ಒಳಗಿನ ಲಿಂಗ ಮಾತ್ರ ಇರುವುದಿಲ್ಲ.

ಅದೃಷ್ಟವಶಾತ್ ಕೆಂಭಾವಿಯಂತಹ ಊರುಗಳಲ್ಲಿ ಅದು ಇನ್ನೂ ಪೂರ್ತಿ ಹೊರಟುಹೋಗಿಲ್ಲ. ಅದನ್ನು ಕರೆತರಲು ನ್ಯಾಯಾಲಯದ ಆಜ್ಞೆ ಬೇಕಿಲ್ಲ. ಕಾಲಿಗೆ ಬೀಳುವುದೂ ಬೇಕಿಲ್ಲ. ಒಂದು ಕಿವಿಯಿಂದ ಒಂದು ತಂತಿ ತೆಗೆದರೆ ಸಾಕು. ಬಿಡುವಿನ ಹಾಡು ಕಿವಿಯೊಳಗಿರಲಿ. ತಾಯಿಯ ಕೂಗಿಗೆ ನಿಲ್ದಾಣ ತುಸು ಜಾಗ ಬಿಡಲಿ.

ಮೂರನೆಯ ಸಲ ಬಾಯಲ್ಲಿ ಕೇಳಿ ಪ್ರಯೋಜನವಿಲ್ಲವೆಂದು ಮುದುಕಿ ಯುವಕನ ಭುಜವನ್ನು ಮೆಲ್ಲನೆ ತಟ್ಟುತ್ತಾಳೆ. ಅವನು ಬೆಚ್ಚಿ, ಇಯರ್‌ಫೋನ್ ಕಿತ್ತು ಕೊರಳಿಗೆ ಹಾಕಿಕೊಳ್ಳುತ್ತಾನೆ.

“ಏನ್ ಯವ್ವಾ?”

“ಶಾಪೂರ ಬಸ್ಸು ಹೋಯ್ತೇನಪ್ಪಾ?”

“ಇನ್ನಾ ಇಲ್ಲ ಯವ್ವಾ. ಈಗ ಬರ್ತದ, ಕೂಡು. ಬಂದ್ರ ನಾ ಹೇಳ್ತೀನಿ.”

ಅವಳು ಸೆರಗಿನ ಗಂಟಿನಿಂದ ತನ್ನ ಮೊಬೈಲನ್ನು ಬಿಚ್ಚಿ ಅವನ ಕೈಗೆ ಕೊಡುತ್ತಾಳೆ. “ಹಂಗಾರ ಇದರಾಗ ನನ್ನ ಮಗಗ ಫೋನ್ ಹಚ್ಚಿ ಕೊಡು ತಮ್ಮಾ. ಕೆಂಪು ಅಂಗಿ ಹಾಕ್ಕೊಂಡಾನ ನೋಡು, ಅವನೇ.”

ಯುವಕ ಕೆಂಪು ಅಂಗಿಯ ಚಿತ್ರವನ್ನು ಹುಡುಕಿ ಒತ್ತುತ್ತಾನೆ. ಬೆಂಗಳೂರಿನ ಯಾವುದೋ ಕಟ್ಟಡದ ಮೇಲೆ ಗಂಟೆ ಬಾರಿಸುತ್ತದೆ. ಆ ಕಡೆಯಿಂದ ಇನ್ನೂ ಎತ್ತಿಲ್ಲ. ಕಾಯುವ ಆ ಒಂದು ಗಳಿಗೆಯಲ್ಲಿ ಮುದುಕಿ ಯುವಕನ ಮುಖವನ್ನು ದಿಟ್ಟಿಸಿ ನೋಡಿ ಕೇಳುತ್ತಾಳೆ:

“ಯಾವೂರಾಯ್ತಪ್ಪಾ ನಿಂದು?”